ಬೀಗ ಹಾಕಿದ ಮನೆಯ ಬಾಡಿಗೆ

ಬಾಡಿಗೆದಾರ ಊರು ಬಿಟ್ಟರೂ ಸಾಮಾನು ಒಳಗಿದ್ದರೆ ಮನೆಯ ಬಾಡಿಗೆ ನಿಲ್ಲುವುದಿಲ್ಲ. ಸರ್ಜಾಪುರದ ಆಸುಪಾಸಿನ ಸಾಫ್ಟ್‌ವೇರ್ ಕಚೇರಿಗಳು ನಿತ್ಯ ಬಳಸುವ ಕ್ಲೌಡ್ ವ್ಯವಸ್ಥೆಯಲ್ಲೂ ಇದೇ ನಿಯಮ. ಅಲ್ಲಿ ವರ್ಚುವಲ್ ಕಂಪ್ಯೂಟರ್ ಬೇರೆ, ಅದಕ್ಕೆ ಜೋಡಿಸಿದ ಡಿಸ್ಕ್ ಬೇರೆ. ಕೆಲಸ ಮುಗಿದಾಗ ಕಂಪ್ಯೂಟರನ್ನು ಅಳಿಸಿದರೂ, ಹೆಚ್ಚುವರಿಯಾಗಿ ಜೋಡಿಸಿದ್ದ ಡಿಸ್ಕ್ ಸಾಮಾನ್ಯವಾಗಿ ಉಳಿದುಬಿಡುತ್ತದೆ.

ಇದು ದೋಷವಲ್ಲ. ಅಮೆಜಾನ್ 2008ರಲ್ಲಿ ಇಂಥ ಡಿಸ್ಕ್ ಸೇವೆಯನ್ನು ಆರಂಭಿಸಿದ್ದೇ ಯಂತ್ರ ಅಳಿದರೂ ದತ್ತಾಂಶ ಉಳಿಯಲೆಂದು. ಆದರೆ ಡಿಸ್ಕ್ ತಂತಾನೇ ಉಳಿಯುತ್ತದೆ, ಅದರ ನೆನಪು ಉಳಿಯುವುದಿಲ್ಲ. ಅದನ್ನು ಪಡೆದಿದ್ದ ಎಂಜಿನಿಯರ್ ಬೇರೆ ಕಂಪನಿ ಸೇರಿರುತ್ತಾನೆ. ಬಿಲ್ಲು ಮಾತ್ರ ತಿಂಗಳು ತಿಂಗಳೂ ಬರುತ್ತದೆ. ಅದೂ ತುಂಬಿದ ಅಳತೆಗಲ್ಲ, ಕಾಯ್ದಿರಿಸಿದ ಅಳತೆಗೆ: 100 ಗಿಗಾಬೈಟ್ ಪಡೆದು 10ನ್ನಷ್ಟೇ ಬಳಸಿದ್ದರೂ ಹಣ 100ಕ್ಕೇ.

ಹಣಕ್ಕಿಂತ ಗಂಭೀರವಾದುದು ಒಳಗಿರುವ ಮಾಹಿತಿ. ಪರೀಕ್ಷೆಗೆಂದು ನಕಲು ಮಾಡಿದ ಗ್ರಾಹಕರ ಹೆಸರು, ದೂರವಾಣಿ ಸಂಖ್ಯೆಗಳು ಅಲ್ಲಿ ಉಳಿದಿರಬಹುದು. ಉದ್ದೇಶ ತೀರಿದ ವೈಯಕ್ತಿಕ ಮಾಹಿತಿಯನ್ನು ಅಳಿಸಬೇಕೆನ್ನುತ್ತದೆ, ಹಂತಹಂತವಾಗಿ ಜಾರಿಗೆ ಬರುತ್ತಿರುವ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದೆಯೆಂದೇ ಗೊತ್ತಿಲ್ಲದ್ದನ್ನು ಅಳಿಸುವವರು ಯಾರು?

ಹಾಗೆಂದು ಒಡೆಯನಿಲ್ಲದ ಡಿಸ್ಕುಗಳನ್ನೆಲ್ಲ ಒಮ್ಮೆಗೇ ಅಳಿಸುವುದೂ ಅವಿವೇಕ. ಯಾರದೋ ಏಕೈಕ ಪ್ರತಿ ಅದರಲ್ಲಿರಬಹುದು. ಸರ್ಜಾಪುರದಲ್ಲಿ ನಿವೇಶನ ಕೊಳ್ಳುವವರು ಮೊದಲು ಕೇಳುವುದು ಖಾತೆ ಯಾರ ಹೆಸರಿನಲ್ಲಿದೆ ಎಂದು. ಪ್ರತಿ ಡಿಸ್ಕಿಗೂ ಅಂಥದೊಂದು ಖಾತೆ ಬೇಕು: ಯಾರದು, ಯಾತಕ್ಕೆ, ಎಲ್ಲಿಯವರೆಗೆ. ಅವಧಿ ಮುಗಿದಾಗ ಒಡೆಯನನ್ನು ವಿಚಾರಿಸಿ, ಅಗತ್ಯವಿದ್ದರೆ ‘ಸ್ನ್ಯಾಪ್‌ಶಾಟ್’ ಪ್ರತಿ ತೆಗೆದಿಟ್ಟು, ಡಿಸ್ಕನ್ನು ಅಳಿಸಲಿ. ಆ ಪ್ರತಿಗೂ ಒಂದು ಅವಧಿ ಇರಲಿ. ಇಲ್ಲವಾದರೆ ಮನೆ ಬದಲಾದೀತು, ಬಾಡಿಗೆ ತಪ್ಪದು.