ರಂಗೋಲಿ ಇಲ್ಲದ ಬಾಗಿಲು

ಪ್ರಯೋಗಾಲಯದ ಕಪ್ಪು ಇಲಿಯ ಗುಲ್ಮ ಕಡುಗೆಂಪು, ಚಪ್ಪಟೆ. ಪಲ್ಯಕ್ಕೆ ಮುರಿದ ಹುರುಳಿಕಾಯಿ ತುಂಡಿನಷ್ಟೇ ಉದ್ದ. ಅದರೊಳಗಿನ ರಕ್ತದ ಓಣಿಗಳಲ್ಲಿ ಎನ್‌ಕೆ ಕೋಶವೊಂದು ತಿರುಗುತ್ತಿದೆ. ಒಡಲಲ್ಲಿ ಕಾಳುಕಾಳಾಗಿ ವಿಷ ಕಟ್ಟಿಕೊಂಡ ಸಹಜ ಹಂತಕ. ಎದುರಾದ ಕೋಶಕ್ಕೆ ಮೈ ತಾಗಿಸುತ್ತದೆ, ತುಸು ಹೊತ್ತು ಅಂಟಿ ನಿಲ್ಲುತ್ತದೆ, ಬಿಟ್ಟು ಹೋಗುತ್ತದೆ. ಮತ್ತೊಂದು. ಇನ್ನೊಂದು. ಯಾರಿಗೂ ಏನೂ ಆಗುವುದಿಲ್ಲ.

ಅದು ತಡಕುತ್ತಿರುವುದು ಕಳ್ಳನ ಮುಖವನ್ನಲ್ಲ, ಮನೆಯವರ ಗುರುತನ್ನು. ಇಲಿಯ ಬಹುತೇಕ ಕೋಶಗಳ ಹೊರಮೈಯಲ್ಲಿ ಎಚ್-2 ಎಂಬ ಪ್ರೋಟೀನುಗಳಿರುತ್ತವೆ. ಎನ್‌ಕೆ ಕೋಶದ ಲೈ-49 ಗ್ರಾಹಿಗಳಿಗೆ ಅವು ಸಿಕ್ಕರೆ ಒಳಗೆ ತಡೆಯ ಸಂಕೇತ ಹೋಗುತ್ತದೆ. ನಸುಕಿನಲ್ಲಿ ಹಳ್ಳಿಯ ಬೀದಿ ಹಿಡಿದವರು ಯಾರ ಮನೆಯೊಳಗೂ ಇಣುಕುವುದಿಲ್ಲ. ರಂಗೋಲಿ ಕಂಡರೆ ದಾಟುತ್ತಾರೆ, ಬರಿದಾದ ಅಂಗಳ ಕಂಡಾಗಲೇ ಕಾಲು ನಿಲ್ಲುವುದು. ಹಾಗೆ. ಆದರೆ ಅಂಗಳ ಬರಿದಾದರಷ್ಟೇ ಸಾಲದು, ಕೆರಳಿಸುವ ಕೂಗೂ ಬೇಕು. ಸಂಕಟಕ್ಕೆ ಸಿಕ್ಕ ಕೋಶಗಳು ರೇ-1 ಎಂಬ ಪ್ರೋಟೀನನ್ನು ಹೊರಮೈಗೆ ತರುವುದು ಅಂಥದೊಂದು ಕೂಗು.

1986ರಲ್ಲಿ ಸ್ಟಾಕ್‌ಹೋಮಿನ ಕ್ಲಾಸ್ ಶೆರ್ರೆ ಮತ್ತು ಸಂಗಡಿಗರು, ಎಚ್-2 ಗುರುತು ಇಲ್ಲದ ಕೋಶವೇ ಎನ್‌ಕೆ ಕೋಶಕ್ಕೆ ಗುರಿ ಎಂಬುದನ್ನು ಇಲಿಯ ಮೈಯಲ್ಲೇ ತೋರಿಸಿದರು. ಒಂದೇ ಮೂಲದ ಎರಡು ಬಗೆಯ ಲಿಂಫೋಮಾ ಕೋಶಗಳು. ಎಚ್-2 ಇದ್ದದ್ದು ಗಡ್ಡೆಯಾಗಿ ಬೆಳೆಯಿತು. ಅದನ್ನು ಬಹುಪಾಲು ಕಳೆದುಕೊಂಡದ್ದು ಬೇರೂರಲಿಲ್ಲ. ಎನ್‌ಕೆ ಕೋಶಗಳನ್ನು ನಿವಾರಿಸಿದಾಗ ಅದೂ ಬೆಳೆಯಿತು. ಪರಕೀಯವನ್ನು ಗುರುತಿಸುವುದೇ ರೋಗನಿರೋಧ ಎಂದು ಎಲ್ಲರೂ ಓದಿಕೊಂಡಿದ್ದಾಗ, ಇಲ್ಲದ್ದನ್ನು ಗುರುತಿಸುವ ಕೋಶವೂ ಇದೆ ಎಂದರಲ್ಲ, ಆ ಧೈರ್ಯ ನನಗೆ ಬಲು ದೊಡ್ಡದಾಗಿ ಕಾಣುತ್ತದೆ. ತಡವುವ ಆ ಕೈ ಯಾವುದೆಂದು ತಿಳಿದದ್ದು 1992ರಲ್ಲಿ, ವೇಯ್ನ್ ಯೊಕೊಯಾಮಾ ತಂಡದ ಲೈ-49ಎ ಅಧ್ಯಯನದಿಂದ. (ಮನುಷ್ಯರಲ್ಲಿ ಇದೇ ಕೆಲಸವನ್ನು ಬೇರೆಯೇ ಕುಲದ ಕೆಐಆರ್ ಗ್ರಾಹಿಗಳು ಮಾಡುತ್ತವೆ.)

ಈಗ ಗುಲ್ಮಕ್ಕೆ ಇಲಿಗಳದೇ ಆದ ಸೈಟೊಮೆಗಲೊ ವೈರಸ್ ಹೊಕ್ಕಿದೆ. ಸೋಂಕನ್ನು ಎಚ್-2 ಮೂಲಕವೇ ಗುರುತಿಸುವ ಟಿ ಕೋಶಗಳೆಂಬ ಕಾವಲುಗಾರರ ಕಣ್ಣು ತಪ್ಪಿಸಲು ತಾನು ಸೇರಿದ ಕೋಶದ ಎಚ್-2 ಅಳಿಸುತ್ತದೆ. ಬರಿದಾದ ಅಂಗಳದಲ್ಲಿ ಎಚ್-2ನ್ನೇ ಹೋಲುವ ಎಂ157 ಎಂಬ ತನ್ನ ಪ್ರೋಟೀನನ್ನು ಇಡುತ್ತದೆ: ಕಳ್ಳ ರಂಗೋಲಿ. ಕೆಲವು ತಳಿಗಳಲ್ಲಿ ಅದು ತಡೆಯ ಗ್ರಾಹಿಗೇ ಅಂಟಿ ಮೋಸ ಮಾಡಬಲ್ಲದು. ಕಪ್ಪು ಇಲಿಯಲ್ಲೋ ಲೈ-49ಎಚ್ ಎಂಬ ಇನ್ನೊಂದು ಗ್ರಾಹಿ ಇದೆ. ಎಂ157 ಅಂಟಿದರೆ ಅದು ತಡೆಯುವುದಿಲ್ಲ, ಕೆರಳಿಸುತ್ತದೆ.

ಎನ್‌ಕೆ ಕೋಶ ಈ ಬಾರಿ ಬಿಟ್ಟು ಹೋಗುವುದಿಲ್ಲ. ಒಡಲ ಕಾಳುಗಳು ತಾಗಿದ ಮಗ್ಗುಲಿಗೇ ಸರಿದು ಬರುತ್ತವೆ. ಪರ್ಫೊರಿನ್ ರಂಧ್ರ ಕೊರೆಯುತ್ತದೆ, ಗ್ರಾಂಜೈಮ್ ಒಳನುಗ್ಗುತ್ತದೆ. ಸೋಂಕಿದ ಕೋಶದ ಪೊರೆ ಗುಳ್ಳೆಗುಳ್ಳೆಯಾಗಿ ಉಬ್ಬಿ ಒಡೆಯುತ್ತದೆ.

ಪಕ್ಕದ ಪಂಜರದಲ್ಲಿ ಬಾಲ್ಬ್-ಸಿ ತಳಿಯ ಬಿಳಿ ಇಲಿ. ಅದೇ ವೈರಸ್, ಅಷ್ಟೇ ದೊಡ್ಡ ಪ್ರಮಾಣ. ಆದರೆ ಲೈ-49ಎಚ್ ಇಲ್ಲ. ಬೆನ್ನು ಗೂನಾಗಿ, ರೋಮ ಕೆದರಿ, ಮೂಲೆಯ ಹೊಟ್ಟಿನಲ್ಲಿ ಕೂತಿದೆ. ಇತ್ತ ಕಪ್ಪು ಇಲಿ ಮುಂಗಾಲುಗಳಲ್ಲಿ ತಿಂಡಿಯ ಚೂರು ಹಿಡಿದು ಮೆಲ್ಲುತ್ತಿದೆ.