ಡೌನ್‌ಕಾಸ್ಟಿಂಗ್

ಡೌನ್‌ಕಾಸ್ಟಿಂಗ್ ಎಂಬುದು ವಸ್ತು ಆಧಾರಿತ ಪ್ರೋಗ್ರಾಮಿಂಗ್‌ನಲ್ಲಿ ಮೂಲವರ್ಗದ ಪ್ರಕಾರವನ್ನು ಹೊಂದಿರುವ ಉಲ್ಲೇಖವೊಂದನ್ನು ಅದರ ಉಪವರ್ಗದ ಪ್ರಕಾರಕ್ಕೆ ಪರಿವರ್ತಿಸುವ ಕ್ರಿಯೆ. ವರ್ಗಗಳ ಶ್ರೇಣಿಯನ್ನು ಚಿತ್ರಿಸುವಾಗ ಮೂಲವರ್ಗವನ್ನು ಮೇಲೆ, ಉಪವರ್ಗಗಳನ್ನು ಕೆಳಗೆ ಬರೆಯುವುದು ರೂಢಿಯಾದ್ದರಿಂದ ಈ ಹೆಸರು ಬಂದಿದೆ. ಇದರ ವಿರುದ್ಧ ದಿಕ್ಕಿನ ಪರಿವರ್ತನೆಯನ್ನು ಅಪ್‌ಕಾಸ್ಟಿಂಗ್ ಎನ್ನುತ್ತಾರೆ. ಅಪ್‌ಕಾಸ್ಟಿಂಗ್ ಸುರಕ್ಷಿತ, ಡೌನ್‌ಕಾಸ್ಟಿಂಗ್ ವಿಫಲವಾಗಬಹುದು. ಆದ್ದರಿಂದ ಹಲವು ಭಾಷೆಗಳು ಪ್ರೋಗ್ರಾಂ ಚಲಿಸುತ್ತಿರುವಾಗಲೇ ಅದನ್ನು ಪರೀಕ್ಷಿಸುತ್ತವೆ.

ಪರಿಕಲ್ಪನೆ

‘ವಾಹನ’ ಎಂಬ ಮೂಲವರ್ಗಕ್ಕೆ ‘ಬಸ್ಸು’ ಮತ್ತು ‘ಲಾರಿ’ ಎಂಬ ಎರಡು ಉಪವರ್ಗಗಳಿವೆ ಎಂದು ಭಾವಿಸೋಣ. ಆಸನಗಳ ಸಂಖ್ಯೆಯನ್ನು ತಿಳಿಸುವ ಮೆಥಡ್ ಬಸ್ಸಿನಲ್ಲಿ ಮಾತ್ರ ಇದೆ. ಪ್ರತಿಯೊಂದು ಬಸ್ಸೂ ವಾಹನವೇ ಆಗಿರುವುದರಿಂದ ಬಸ್ಸನ್ನು ವಾಹನದ ಚರದಲ್ಲಿ ಇರಿಸಲು ಯಾವ ತೊಡಕೂ ಇಲ್ಲ. ಆದರೆ ಆ ಚರದ ಮೂಲಕ ಆಸನಗಳ ಸಂಖ್ಯೆಯನ್ನು ಕೇಳಿದರೆ ಕಂಪೈಲರ್ ನಿರಾಕರಿಸುತ್ತದೆ. ಅದು ಚರದ ಘೋಷಿತ ಪ್ರಕಾರವನ್ನು ಮಾತ್ರ ಬಲ್ಲದು. ಎಲ್ಲ ವಾಹನಗಳಿಗೂ ಆ ಮೆಥಡ್ ಇಲ್ಲ.

ಇಲ್ಲಿ ಎರಡು ಬಗೆಯ ಪ್ರಕಾರಗಳನ್ನು ಗುರುತಿಸಬೇಕು. ಚರಕ್ಕೆ ಘೋಷಿಸಲಾದದ್ದು ಸ್ಥಿರ ಪ್ರಕಾರ. ಅದು ಸೂಚಿಸುತ್ತಿರುವ ವಸ್ತುವಿನ ನಿಜವಾದ ವರ್ಗ ಚಲ ಪ್ರಕಾರ. ಡೌನ್‌ಕಾಸ್ಟಿಂಗ್‌ನಿಂದ ವಸ್ತು ಬದಲಾಗುವುದಿಲ್ಲ, ಅದನ್ನು ನೋಡುವ ದೃಷ್ಟಿ ಮಾತ್ರ ಬದಲಾಗುತ್ತದೆ. ದಶಮಾಂಶ ಸಂಖ್ಯೆಯನ್ನು ಪೂರ್ಣಾಂಕವಾಗಿಸುವ ಪರಿವರ್ತನೆಯಲ್ಲಿ ಹೊಸ ಮೌಲ್ಯವೇ ಹುಟ್ಟುವುದರಿಂದ ಅದು ಇದಕ್ಕಿಂತ ಭಿನ್ನವಾದುದು.

ಚಾಲನಾ ಸಮಯದ ಪರೀಕ್ಷೆ

ಪರೀಕ್ಷೆ ಸಾಧ್ಯವಾಗಬೇಕಾದರೆ ವಸ್ತುವು ತನ್ನ ವರ್ಗದ ಮಾಹಿತಿಯನ್ನು ಹೊತ್ತಿರಬೇಕು. ಜಾವಾದ ಪ್ರತಿಯೊಂದು ವಸ್ತುವಿನಿಂದಲೂ ಅದರ ವರ್ಗವನ್ನು ತಿಳಿಯಬಹುದು. ಸಿ++ನಲ್ಲಿ ಕನಿಷ್ಠ ಒಂದು ವರ್ಚುವಲ್ ಫಂಕ್ಷನ್ ಇರುವ ವರ್ಗಗಳಿಗೆ ಮಾತ್ರ ಈ ಸೌಲಭ್ಯ ದೊರೆಯುತ್ತದೆ.

ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನೈಗಾರ್ಡ್ ರೂಪಿಸಿದ ಸಿಮ್ಯುಲಾ 67 ಭಾಷೆಯಲ್ಲಿಯೇ ವಸ್ತುವಿನ ವರ್ಗವನ್ನು ಪರೀಕ್ಷಿಸಿ ಕವಲೊಡೆಯುವ ‘ಇನ್‌ಸ್ಪೆಕ್ಟ್’ ಹೇಳಿಕೆಯಿತ್ತು. ಅನಂತರದ ಭಾಷೆಗಳು ಸೋಲನ್ನು ಭಿನ್ನ ರೀತಿಗಳಲ್ಲಿ ನಿಭಾಯಿಸುತ್ತವೆ.

* ಜಾವಾ: ತಪ್ಪಾದ ಪರಿವರ್ತನೆ ‘ಕ್ಲಾಸ್‌ಕಾಸ್ಟ್‌ಎಕ್ಸೆಪ್ಷನ್’ ಎಂಬ ದೋಷವನ್ನು ಎಸೆಯುತ್ತದೆ. ಮೊದಲೇ ಪರೀಕ್ಷಿಸಲು ‘ಇನ್‌ಸ್ಟನ್ಸ್‌ಆಫ್’ ಇದೆ. ‘ನಲ್’ ಉಲ್ಲೇಖಕ್ಕೆ ಈ ಪರೀಕ್ಷೆ ‘ಸುಳ್ಳು’ ಎಂದು ಉತ್ತರಿಸುತ್ತದೆ. ಆದರೆ ನಲ್‌ನ ಪರಿವರ್ತನೆಯಿಂದ ದೋಷ ಉಂಟಾಗುವುದಿಲ್ಲ.
* ಸಿ++: ‘ಡೈನಾಮಿಕ್_ಕಾಸ್ಟ್’ ವಿಫಲವಾದಾಗ ಪಾಯಿಂಟರ್ ಆಗಿದ್ದರೆ ನಲ್ ದೊರೆಯುತ್ತದೆ, ರೆಫರೆನ್ಸ್ ಆಗಿದ್ದರೆ ‘ಬ್ಯಾಡ್_ಕಾಸ್ಟ್’ ದೋಷ ಬರುತ್ತದೆ. ‘ಸ್ಟ್ಯಾಟಿಕ್_ಕಾಸ್ಟ್’ ಇಂತಹ ಪರೀಕ್ಷೆಯನ್ನೇ ಮಾಡುವುದಿಲ್ಲ.
* ಸಿ ಶಾರ್ಪ್: ಆವರಣ ಚಿಹ್ನೆಯ ಪರಿವರ್ತನೆ ಸೋತರೆ ದೋಷವನ್ನು ಎಸೆಯುತ್ತದೆ, ‘ಆ್ಯಸ್’ ಸೋತರೆ ನಲ್ ಕೊಡುತ್ತದೆ. ಈ ನಲ್ ಅನ್ನು ಪರೀಕ್ಷಿಸದೆ ಬಿಟ್ಟರೆ ದೋಷ ಬೇರೊಂದು ಸಾಲಿನಲ್ಲಿ ಕಾಣಿಸಿಕೊಂಡು ಮೂಲ ಕಾರಣ ಮರೆಯಾಗುತ್ತದೆ.
* ಕೋಟ್ಲಿನ್: ಪ್ರಕಾರವನ್ನು ಪರೀಕ್ಷಿಸಿದ ಬಳಿಕ ಕಂಪೈಲರ್ ತಾನಾಗಿಯೇ ಆ ಚರವನ್ನು ಉಪವರ್ಗವೆಂದು ಪರಿಗಣಿಸುತ್ತದೆ. ಇದಕ್ಕೆ ಸ್ಮಾರ್ಟ್ ಕಾಸ್ಟ್ ಎಂದು ಹೆಸರು.

ಜಾವಾದಲ್ಲಿ ಪರೀಕ್ಷೆ, ಪರಿವರ್ತನೆ ಮತ್ತು ಹೊಸ ಚರದ ಘೋಷಣೆಯನ್ನು ಪ್ರತ್ಯೇಕವಾಗಿ ಬರೆಯಬೇಕಿತ್ತು. 2021ರಲ್ಲಿ ಬಿಡುಗಡೆಯಾದ ಜಾವಾ 16 ಈ ಮೂರನ್ನೂ ಒಂದೇ ಅಭಿವ್ಯಕ್ತಿಯಲ್ಲಿ ಸೇರಿಸಿತು. ಪರೀಕ್ಷಿಸಿದ ವರ್ಗ ಒಂದು, ಪರಿವರ್ತಿಸಿದ ವರ್ಗ ಇನ್ನೊಂದು ಆಗುವ ಕೈತಪ್ಪಿಗೆ ಇದರಿಂದ ಆಸ್ಪದವಿಲ್ಲದಂತಾಯಿತು.

ಜೆನೆರಿಕ್ಸ್ ಮತ್ತು ಪ್ರಕಾರದ ಅಳಿಸುವಿಕೆ

ಆರಂಭದ ಜಾವಾದಲ್ಲಿ ಪಟ್ಟಿಯಿಂದ ತೆಗೆದ ಪ್ರತಿಯೊಂದು ಅಂಶವನ್ನೂ ‘ಆಬ್ಜೆಕ್ಟ್’ ಪ್ರಕಾರದಿಂದ ಡೌನ್‌ಕಾಸ್ಟ್ ಮಾಡಬೇಕಿತ್ತು. 2004ರ ಜಾವಾ 5ರಲ್ಲಿ ಜೆನೆರಿಕ್ಸ್ ಬಂದ ನಂತರ ಈ ಪರಿವರ್ತನೆಗಳನ್ನು ಕಂಪೈಲರ್ ತಾನೇ ಸೇರಿಸತೊಡಗಿತು. ಆದರೆ ಹಳೆಯ ಕೋಡ್‌ನೊಂದಿಗೆ ಹೊಂದಾಣಿಕೆ ಉಳಿಸಿಕೊಳ್ಳಲು, ಕಂಪೈಲ್ ಆದ ಮೇಲೆ ಜೆನೆರಿಕ್ ಪ್ರಕಾರಗಳನ್ನು ಅಳಿಸಲಾಗುತ್ತದೆ. ಹೀಗಾಗಿ ವಸ್ತುವೊಂದು ಪಟ್ಟಿಯೇ ಎಂಬುದನ್ನು ಚಾಲನಾ ಸಮಯದಲ್ಲಿ ಪರೀಕ್ಷಿಸಬಹುದು. ಅದು ಪದಗಳ ಪಟ್ಟಿಯೋ ಸಂಖ್ಯೆಗಳ ಪಟ್ಟಿಯೋ ಎಂಬುದನ್ನು ಪರೀಕ್ಷಿಸಲಾಗದು. ಇಂತಹ ಪರಿವರ್ತನೆಗೆ ಕಂಪೈಲರ್ ಎಚ್ಚರಿಕೆ ನೀಡುತ್ತದೆ. ಅದನ್ನು ಕಡೆಗಣಿಸಿದರೆ, ಪರಿವರ್ತನೆಯ ಸಾಲಿನಲ್ಲಿ ಬರದ ದೋಷ ಪಟ್ಟಿಯಿಂದ ಅಂಶವನ್ನು ತೆಗೆಯುವಾಗ ಬರಬಹುದು. ಸಿ ಶಾರ್ಪ್ ಚಾಲನಾ ಸಮಯದಲ್ಲೂ ಈ ಮಾಹಿತಿಯನ್ನು ಉಳಿಸಿಕೊಳ್ಳುತ್ತದೆ.

ಅಪಾಯಗಳು

ಸಿ++ನಲ್ಲಿ ಪರೀಕ್ಷೆಯಿಲ್ಲದ ತಪ್ಪು ಡೌನ್‌ಕಾಸ್ಟ್‌ನ ಫಲಿತಾಂಶವನ್ನು ಭಾಷೆ ನಿರ್ಧರಿಸಿಲ್ಲ. ಲಾರಿಯನ್ನು ಬಸ್ಸೆಂದು ಭಾವಿಸಿ ಆಸನಗಳ ಸಂಖ್ಯೆಯನ್ನು ಬದಲಿಸಿದರೆ, ಮೆಮೊರಿಯಲ್ಲಿ ಆ ಸ್ಥಳದಲ್ಲಿದ್ದ ಬೇರೆಯೇ ಮಾಹಿತಿ ಕೆಡಬಹುದು. ಇಂತಹ ‘ಪ್ರಕಾರ ಗೊಂದಲ’ವು ಭದ್ರತಾ ದೌರ್ಬಲ್ಯಗಳ ಒಂದು ಪ್ರಸಿದ್ಧ ಬಗೆ, ವೆಬ್ ಬ್ರೌಸರ್‌ಗಳಲ್ಲಿ ದಾಳಿಕೋರರು ಇದನ್ನು ಬಳಸಿಕೊಂಡಿದ್ದಾರೆ. ಜಾವಾದ ಕಡ್ಡಾಯ ಪರೀಕ್ಷೆ ಪ್ರೋಗ್ರಾಂ ಅನ್ನು ನಿಲ್ಲಿಸಬಹುದು, ಆದರೆ ಮೆಮೊರಿಯನ್ನು ಕೆಡಲು ಬಿಡುವುದಿಲ್ಲ.

ಇನ್ನೊಂದು ತೊಂದರೆ ನಿರ್ವಹಣೆಗೆ ಸಂಬಂಧಿಸಿದ್ದು. ರಸ್ತೆ ಸುಂಕವನ್ನು ಲೆಕ್ಕಹಾಕಲು ‘ಬಸ್ಸಾದರೆ ಇಷ್ಟು, ಲಾರಿಯಾದರೆ ಇಷ್ಟು, ಇಲ್ಲವಾದರೆ ಸೊನ್ನೆ’ ಎಂದು ಬರೆದಿದ್ದರೆ, ಮುಂದೆ ‘ಟ್ರ್ಯಾಕ್ಟರ್’ ಎಂಬ ಉಪವರ್ಗ ಸೇರಿದಾಗ ಅದಕ್ಕೆ ಸುಂಕವೇ ಬೀಳುವುದಿಲ್ಲ. ಕಂಪೈಲರ್ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಪರೀಕ್ಷೆಗಳ ಕ್ರಮವೂ ಮುಖ್ಯ: ಬಸ್ಸಿಗೆ ‘ಮಿನಿ ಬಸ್ಸು’ ಎಂಬ ಉಪವರ್ಗವಿದ್ದರೆ ಅದನ್ನು ಮೊದಲು ಪರೀಕ್ಷಿಸಬೇಕು, ಇಲ್ಲವಾದರೆ ಆ ಕವಲು ಎಂದೂ ಚಲಿಸುವುದಿಲ್ಲ.

ಪರ್ಯಾಯಗಳು

ಮೊದಲ ಪರ್ಯಾಯ ಬಹುರೂಪತೆ. ಸುಂಕದ ಮೆಥಡ್ ಅನ್ನು ವಾಹನ ವರ್ಗದಲ್ಲಿ ಅಮೂರ್ತವಾಗಿ ಘೋಷಿಸಿದರೆ, ಅದನ್ನು ಬರೆಯದ ಮೂರ್ತ ಉಪವರ್ಗವನ್ನು ಕಂಪೈಲರ್ ಒಪ್ಪುವುದಿಲ್ಲ. ಕ್ರಿಯೆಗಳು ವರ್ಗಗಳ ಹೊರಗಿರಬೇಕಾದಾಗ ‘ವಿಸಿಟರ್’ ವಿನ್ಯಾಸವನ್ನು ಬಳಸಬಹುದು. ಉಪವರ್ಗಗಳ ಪಟ್ಟಿ ಸೀಮಿತವಾಗಿದ್ದರೆ ಜಾವಾ 17ರ ಮುದ್ರಿತ ವರ್ಗಗಳು, ಅಂದರೆ ಸೀಲ್ಡ್ ಕ್ಲಾಸ್‌ಗಳು, ಸೂಕ್ತ. ಅವುಗಳನ್ನು ಜಾವಾ 21ರ ‘ಸ್ವಿಚ್’ನೊಂದಿಗೆ ಬಳಸಿ, ಪೂರ್ವನಿಯೋಜಿತ ಕವಲನ್ನು ಬರೆಯದೆ ಬಿಟ್ಟರೆ, ಕೈಬಿಟ್ಟ ಉಪವರ್ಗವನ್ನು ಕಂಪೈಲರ್ ತಾನೇ ತೋರಿಸುತ್ತದೆ.

ಆದರೂ ಡೌನ್‌ಕಾಸ್ಟಿಂಗ್ ಸಂಪೂರ್ಣವಾಗಿ ತ್ಯಾಜ್ಯವಲ್ಲ. ಜಾವಾದ ‘ಈಕ್ವಲ್ಸ್’ ಮೆಥಡ್ ಯಾವುದೇ ವಸ್ತುವನ್ನು ಸ್ವೀಕರಿಸುವುದರಿಂದ, ಕ್ಷೇತ್ರಗಳನ್ನು ಹೋಲಿಸುವ ಮುನ್ನ ಪ್ರಕಾರವನ್ನು ಪರೀಕ್ಷಿಸಿ ಪರಿವರ್ತಿಸಬೇಕಾಗುತ್ತದೆ. ಬದಲಾಯಿಸಲಾಗದ ಹಳೆಯ ಲೈಬ್ರರಿಗಳು ಸಾಮಾನ್ಯ ಪ್ರಕಾರವನ್ನು ಹಿಂದಿರುಗಿಸುವಲ್ಲಿಯೂ ಅದು ಅನಿವಾರ್ಯ. ಇಂತಹ ಕಡೆ ಪರಿವರ್ತನೆಯನ್ನು ಒಂದೇ ಸ್ಥಳಕ್ಕೆ ಸೀಮಿತಗೊಳಿಸಿ, ಸೋಲಿನ ಕವಲನ್ನು ಸ್ಪಷ್ಟವಾಗಿ ಬರೆಯುವುದು ಉತ್ತಮ ಕ್ರಮ.