ನಿಮಗಿದು ಗೊತ್ತೆ? ಕಡಲಿನ ಮೊರೆ ಕೇಳುವ ಪೀಣ್ಯ

ಬೆಂಗಳೂರಿಗೆ ಕಡಲಿಲ್ಲ. ಆದರೂ ಭಾರತದ ಸುತ್ತಲಿನ ಕಡಲಲ್ಲಿ ಹಡಗು ಮುಳುಗತೊಡಗಿದರೆ ಅದರ ಮೊರೆ ಮುಟ್ಟುವುದು ಇಲ್ಲಿಗೇ! ಜಯನಗರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಪೀಣ್ಯದಲ್ಲಿ ಇಳಿಯಿರಿ. ಅಲ್ಲಿನ ಇಸ್ರೊದ ‘ಇಸ್ಟ್ರಾಕ್’ ಕೇಂದ್ರದಲ್ಲಿದೆ ಕಾಸ್ಪಾಸ್–ಸಾರ್ಸ್ಯಾಟ್ ಎಂಬ ಅಂತರರಾಷ್ಟ್ರೀಯ ಉಪಗ್ರಹ ಪಾರುಗಾಣಿಕಾ ವ್ಯವಸ್ಥೆಯ ಭಾರತದ ನಿಯಂತ್ರಣ ಕೇಂದ್ರ. ಹಡಗಿನ ಬೀಕನ್ (ತುರ್ತು ಸಂಕೇತ ಸಾಧನ) 406 ಮೆಗಾಹರ್ಟ್ಸ್‌ನಲ್ಲಿ ಕಳಿಸುವ ಸಂಕೇತವನ್ನು ಉಪಗ್ರಹ ಹಿಡಿದು ನೆಲಕ್ಕೆ ಇಳಿಸುತ್ತದೆ. ಇಲ್ಲಿಂದ ಸುದ್ದಿ ಕರಾವಳಿ ಕಾವಲು ಪಡೆಗೆ.

ರೇಡಿಯೊದಿಂದಲೂ ಮೊರೆಯಿಡಬಹುದು. ಆದರೆ ಹಡಗಿನ ರೇಡಿಯೊ ಮುಟ್ಟಲು, ಕಡಲ ಅಪಾಯ ಮತ್ತು ಸುರಕ್ಷತೆಯ ಜಾಗತಿಕ ಸಂಪರ್ಕ ವ್ಯವಸ್ಥೆಯಾದ ‘ಜಿಎಂಡಿಎಸ್‌ಎಸ್’ನ ತರಬೇತಿ, ಪರೀಕ್ಷೆ, ಪ್ರಮಾಣಪತ್ರ ಬೇಕು. 1999ರ ಫೆಬ್ರುವರಿ 1ರಂದು ಈ ವ್ಯವಸ್ಥೆ ಪೂರ್ತಿ ಜಾರಿಯಾಗಿ, ಮೋರ್ಸ್ ಸಂಕೇತ ಮೂಲೆ ಸೇರಿತು. ಹಡಗು ಅಪಾಯಕ್ಕೆ ಸಿಲುಕಿದರೆ ರೇಡಿಯೊದಲ್ಲಿ ‘ಮೇಡೇ’ ಎಂದು ಮೂರು ಸಲ ಕೂಗಬೇಕು. ಧ್ವನಿಗೆ ವಿಎಚ್‌ಎಫ್ 16ನೇ ಚಾನೆಲ್, ಗುಂಡಿ ಒತ್ತಿ ಕಳಿಸುವ ಡಿಜಿಟಲ್ ಕರೆಗೆ 70. ಆ ಕೆಂಪು ಗುಂಡಿಗೊಂದು ಮುಚ್ಚಳವುಂಟು. ಕೈತಪ್ಪಿ ಒತ್ತಿದರೆ ಪಾರುಗಾಣಿಕಾ ಪಡೆಯೇ ಹೊರಟೀತು!